ನೆಟ್ಟನೆಯ ಎಲ್ಮ್ ಮರದ ಕಥೆ

ಪುಣೆಯ ಗುಡ್ಡಗಳಲ್ಲಿಯೂ ಹಳೆಯ ರಸ್ತೆಗಳ ಬದಿಯಲ್ಲಿಯೂ ವಾವಳ ಎಂಬ ದೊಡ್ಡ ಮರವುಂಟು. ಬೇಸಗೆಯಲ್ಲಿ ಕಾಗದದ ಬಿಲ್ಲೆಗಳಂತಹ ಅದರ ಕಾಯಿಗಳು ಗಾಳಿಗೆ ಹಾರಿ ಅಂಗಳವನ್ನೆಲ್ಲ ತುಂಬುತ್ತವೆ. ನಮ್ಮ ನಾಡಿನಲ್ಲಿ ಇದೇ ಮರಕ್ಕೆ ತಪಸಿ ಎಂದು ಹೆಸರು. ಸಸ್ಯಶಾಸ್ತ್ರಜ್ಞರು ಇದನ್ನು ಎಲ್ಮ್ ಮರಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಈ ಕುಟುಂಬದ ಒಂದು ಯುರೋಪಿಯನ್ ಶಾಖೆಯ ಇತಿಹಾಸವು ಭಾರತದೊಡನೆಯೂ ಹೆಣೆದುಕೊಂಡಿರುವುದರಿಂದ ಅದನ್ನಿಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಎಲ್ಮ್ ಸಾಮಾನ್ಯವಾಗಿ ವಿಶಾಲವಾಗಿ ಹರಡುವ ಮರ. ಆದರೆ 1826ರ ಸುಮಾರಿಗೆ ಇಂಗ್ಲೆಂಡಿನ ಎಕ್ಸೆಟರ್ ನಗರದ ಫೋರ್ಡ್ ಎಂಬ ತೋಟಗಾರನು ಕೊಂಬೆಗಳೆಲ್ಲ ನೆಟ್ಟಗೆ ಮೇಲಕ್ಕೇ ಏರುವ, ಕಿರಿದಾದ ಆಕಾರದ ಒಂದು ತಳಿಯನ್ನು ಬೆಳೆಸಿದನು. ಅದೇ ಎಕ್ಸೆಟರ್ ಎಲ್ಮ್. ಇಕ್ಕಟ್ಟಾದ ಬೀದಿಗಳಿಗೂ ಉದ್ಯಾನಗಳಿಗೂ ಇಂತಹ ಮರಗಳು ಒಪ್ಪುತ್ತಿದ್ದವು. ಆ ಶತಮಾನದ ಸಸಿ ವ್ಯಾಪಾರಿಗಳ ಪಟ್ಟಿಗಳಲ್ಲಿ ಈ ಬಗೆಯ ಹೆಸರುಗಳು ಹಲವು ಬಂದವು. ಬೀಜದಿಂದ ಹುಟ್ಟಿದ ಸಸಿ ತಾಯಿಮರದ ರೂಪವನ್ನೇ ತಾಳುವುದೆಂಬ ಭರವಸೆಯಿಲ್ಲ. ಆದ್ದರಿಂದ ಇವನ್ನು ಕಸಿ ಕಟ್ಟಿಯೇ ಉಳಿಸಬೇಕಾಗಿತ್ತು. ಕಸಿ ಕಟ್ಟುವ ಕೈ ನಿಂತರೆ ತಳಿಯೂ ನಿಂತಿತು. ಒಂದೇ ಮರದ ಅಂಶವಾದ ಕಸಿಗಿಡಗಳಿಗೆ ಬಲವೂ ಒಂದೇ, ದೌರ್ಬಲ್ಯವೂ ಒಂದೇ.

ಆ ದೌರ್ಬಲ್ಯವು 20ನೆಯ ಶತಮಾನದಲ್ಲಿ ಹೊರಬಿದ್ದಿತು. ಮೊದಲ ಮಹಾಯುದ್ಧದ ಕಾಲಕ್ಕೆ ಪಶ್ಚಿಮ ಯುರೋಪಿನ ಎಲ್ಮ್‌ಗಳು ಒಣಗತೊಡಗಿದವು. ಇದಕ್ಕೆ ಒಂದು ಶಿಲೀಂಧ್ರವು ಕಾರಣವೆಂದು 1922ರಲ್ಲಿ ತಿಳಿಸಿದವರು ಡಚ್ ವಿಜ್ಞಾನಿ ಬೀ ಶ್ವಾರ್ಟ್ಸ್ ಎಂಬ ಮಹಿಳೆ. ತೊಗಟೆ ಕೊರೆಯುವ ದುಂಬಿಗಳು ರೋಗವನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ನೀರೇರುವ ನಾಳಗಳು ಮುಚ್ಚಿ ಮರವು ಸಾಯುತ್ತದೆ. 1960ರ ದಶಕದ ಕೊನೆಯಲ್ಲಿ ಬಂದ ಇನ್ನೂ ಉಗ್ರವಾದ ರೋಗಕ್ಕೆ ಬ್ರಿಟನ್ನಿನಲ್ಲಿಯೇ 2.5 ಕೋಟಿಗೂ ಮಿಕ್ಕಿ ಮರಗಳು ಬಲಿಯಾದವು. ಪಟ್ಟಿಗಳಲ್ಲಿದ್ದ ಎಷ್ಟೋ ಅಲಂಕಾರದ ತಳಿಗಳು ಹೆಸರಾಗಿ ಮಾತ್ರ ಉಳಿದವು. ಎಕ್ಸೆಟರ್ ಎಲ್ಮ್ ಕೂಡ ಅಪರೂಪವಾಯಿತು.

ಆದರೆ ಅದರ ವಂಶವು ಅಳಿಯಲಿಲ್ಲ. ಡಚ್ ವಿಜ್ಞಾನಿಗಳು ಎಕ್ಸೆಟರ್ ಎಲ್ಮನ್ನು ನಮ್ಮ ಹಿಮಾಲಯದ ಎಲ್ಮಿನೊಡನೆ ಸಂಕರಗೊಳಿಸಿದರು. ಈ ಸಂಬಂಧದಿಂದ ಬಂದ ಲೋಬೆಲ್, ಡೊಡೊನ್ಸ್, ಪ್ಲಾಂಟೈನ್ ಎಂಬ ತಳಿಗಳು 1973ರಲ್ಲಿ ಹೊರಬಂದವು. ಮೊದಲಿನ ಎರಡು 16ನೆಯ ಶತಮಾನದ ಸಸ್ಯಶಾಸ್ತ್ರಜ್ಞರ ಹೆಸರುಗಳು. ಮೂರನೆಯದು ಅವರ ಗ್ರಂಥಗಳನ್ನು ಅಚ್ಚು ಹಾಕಿದ ಮುದ್ರಕನದು. ಪ್ಲಾಂಟೈನಿನ ಸಂತತಿಯಾದ ಕೊಲುಮೆಲ್ಲ ಎಂಬುದು ಕಂಬದಂತೆ ನೆಟ್ಟಗೆ ಬೆಳೆಯುತ್ತದೆ; ರೋಗವನ್ನೂ ಚೆನ್ನಾಗಿ ತಡೆಯುತ್ತದೆ.

ಇತ್ತ ಹಿಮಾಲಯದಲ್ಲಿ ದನಗಳ ಮೇವಿಗಾಗಿ ಈ ಮರದ ಕೊಂಬೆಗಳನ್ನು ಸತತವಾಗಿ ಕಡಿಯುತ್ತ ಬಂದಿದ್ದಾರೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯು ಇದನ್ನು ಅಪಾಯಕ್ಕೀಡಾಗಬಲ್ಲ ಜಾತಿಗಳಲ್ಲಿ ಎಣಿಸಿದೆ. ಪರದೇಶದ ಬೀದಿಗಳಿಗೆ ಮರಳಿ ನೆರಳನ್ನಿತ್ತ ಮರವು ತವರಿನಲ್ಲಿಯೇ ಕ್ಷೀಣಿಸುವುದು ಉಚಿತವೆ? ಪರಸ್ಥಳದಲ್ಲಿ ನೆಲೆಸಿ ನೆರೆಯವರೊಡನೆ ಬೆರೆತು ಬಾಳುತ್ತಿರುವ ನಮಗೆ ಈ ಕಥೆಯ ಎರಡು ಭಾಗಗಳೂ ಅರ್ಥವಾಗಬೇಕು. ಬೆರೆಯುವುದರಿಂದ ಬಲ ಬರುವುದು ನಿಜ. ಆದರೆ ಬೆರೆಯಲು ಮೂಲದ ಮರವೂ ಬದುಕಿರಬೇಕು.