ಮ್ಯಾಂಚೆಸ್ಟರಿನ ಮರದ ಹಾದಿ

1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿಗೆ ದೊರೆತದ್ದು ಒಂದೇ ಚಿನ್ನ. ಪದಕಪಟ್ಟಿಯಲ್ಲಿ ಅದರ ಸ್ಥಾನ 36. ಹನ್ನೆರಡು ವರ್ಷಗಳ ತರುವಾಯ ಬೀಜಿಂಗಿನಲ್ಲಿ ಟ್ರ್ಯಾಕ್ ಸೈಕ್ಲಿಂಗಿನ ಹತ್ತು ಚಿನ್ನಗಳಲ್ಲಿ ಏಳನ್ನು ಅದೇ ದೇಶ ಗೆದ್ದಿತು.

ಪ್ರತಿಭೆ ಮೊದಲೂ ಇತ್ತು. 1992ರಲ್ಲಿ ಬಾರ್ಸಿಲೋನಾದಲ್ಲಿ ಕ್ರಿಸ್ ಬೋರ್ಡ್‌ಮನ್, ಎದುರಾಳಿಯನ್ನು ಬೆನ್ನಟ್ಟುವ ಪರ್ಸ್ಯೂಟ್ ಸ್ಪರ್ಧೆಯಲ್ಲಿ ಗೆದ್ದು, ಸೈಕ್ಲಿಂಗಿನಲ್ಲಿ ತನ್ನ ದೇಶದ 72 ವರ್ಷಗಳ ಚಿನ್ನದ ಬರವನ್ನು ನೀಗಿಸಿದ್ದನು. ಆದರೆ ಅದು ಒಂಟಿ ಸಾಧನೆ. ಆತನ ತರಬೇತುದಾರ ಪೀಟರ್ ಕೀನ್ 1997ರಲ್ಲಿ ರಾಷ್ಟ್ರೀಯ ಯೋಜನೆಯ ಹೊಣೆ ಹೊತ್ತಾಗ ಎರಡು ಅನುಕೂಲಗಳು ಕೂಡಿಬಂದಿದ್ದವು: 1994ರಲ್ಲಿ ತೆರೆದ ಮ್ಯಾಂಚೆಸ್ಟರಿನ ಒಳಾಂಗಣ ವೆಲೋಡ್ರೋಮ್ ಮತ್ತು ರಾಷ್ಟ್ರೀಯ ಲಾಟರಿಯ ಹಣ. 250 ಮೀಟರಿನ ಆ ಮರದ ಹಾದಿಗೆ ಮಳೆಯ ಕಾಟವಿಲ್ಲ, ಎದುರುಗಾಳಿಯಿಲ್ಲ. ಇಂದಿನ ಓಟವನ್ನು ನಿನ್ನೆಯದರೊಡನೆ ಕರಾರುವಾಕ್ಕಾಗಿ ಹೋಲಿಸಬಹುದು. ಪದಕಗಳೂ ಹೆಚ್ಚು. ಆದುದರಿಂದ ಕೀನ್ ರಸ್ತೆ ಸ್ಪರ್ಧೆಗಿಂತ ಟ್ರ್ಯಾಕಿಗೆ ಪ್ರಾಧಾನ್ಯವಿತ್ತನು.

ಫಲ ಮೆಲ್ಲಗೆ ಕೈಗೂಡಿತು. 2000ದ ಸಿಡ್ನಿಯಲ್ಲಿ ಜೇಸನ್ ಕ್ವೀಲಿ ಒಂದು ಚಿನ್ನ ತಂದನು. 2004ರ ಅಥೆನ್ಸಿನಲ್ಲಿ ಕ್ರಿಸ್ ಹಾಯ್, ಬ್ರಾಡ್ಲಿ ವಿಗಿನ್ಸ್ ತಲಾ ಒಂದನ್ನು ಗೆದ್ದರು. ಕೀನನ ಉತ್ತರಾಧಿಕಾರಿ ಡೇವ್ ಬ್ರೇಲ್ಸ್‌ಫರ್ಡ್, ಹನಿಗೂಡಿ ಹಳ್ಳವೆಂಬ ನಮ್ಮ ಗಾದೆಯನ್ನೇ ನೀತಿಯಾಗಿಸಿದಂತೆ ನಡೆದನು: ಸೋಂಕು ತಗಲದಂತೆ ಕೈತೊಳೆಯುವ ಕ್ರಮ, ನಿದ್ರೆಗೆ ಒಗ್ಗುವ ಹಾಸಿಗೆ, ಗಾಳಿ ಸೀಳುವ ಉಡುಪು, ಮನೋವೈದ್ಯರ ನೆರವು. ಹಾಯ್ ಗೆದ್ದಿದ್ದ ಒಂದು ಕಿಲೋಮೀಟರ್ ಸ್ಪರ್ಧೆಯನ್ನೇ ಒಲಿಂಪಿಕ್ಸಿನಿಂದ ಕೈಬಿಟ್ಟಾಗ ಆತನು ಬೇರೆ ಸ್ಪರ್ಧೆಗಳನ್ನು ಅಭ್ಯಸಿಸಿ, ಬೀಜಿಂಗಿನಲ್ಲಿ ಮೂರು ಚಿನ್ನ ಗೆದ್ದನು. ಅಲ್ಲಿಯೇ ತಂಡ ಪರ್ಸ್ಯೂಟಿನ ನಾಲ್ವರು ನಾಲ್ಕು ಕಿಲೋಮೀಟರನ್ನು 3 ನಿಮಿಷ 53.314 ಸೆಕೆಂಡುಗಳಲ್ಲಿ ಕ್ರಮಿಸಿ ವಿಶ್ವದಾಖಲೆ ಬರೆದರು. 2012ರ ಲಂಡನ್ನಿನಲ್ಲಿ ಮತ್ತೆ ಏಳು, 2016ರ ರಿಯೋದಲ್ಲಿ ಆರು ಚಿನ್ನಗಳು ದಕ್ಕಿದವು.

ಈ ಯಶಸ್ಸನ್ನು ಸಣ್ಣ ಸುಧಾರಣೆಗಳ ಪವಾಡವೆಂದು ಹೊಗಳುವವರುಂಟು. ಹಾಸಿಗೆ, ಉಡುಪುಗಳು ಮೇಲಿನ ಗೋಪುರ. ತಳಪಾಯವಿದ್ದುದು ವರ್ಷವಿಡೀ ತೆರೆದಿದ್ದ ಅಂಗಣದಲ್ಲಿ, ನಿಲ್ಲದೆ ಹರಿದ ಹಣದಲ್ಲಿ, ಮೂರು ಒಲಿಂಪಿಕ್ಸುಗಳವರೆಗೆ ಕಾದ ತಾಳ್ಮೆಯಲ್ಲಿ. ಬೆಲೆಯೂ ತೆರಬೇಕಾಯಿತು. ಪದಕವೇ ಅಳತೆಗೋಲಾದ ಕಡೆ ಕ್ರೀಡಾಪಟುಗಳ ಯೋಗಕ್ಷೇಮ ಹಿಂದೆ ಬಿದ್ದುದನ್ನು 2017ರ ಸ್ವತಂತ್ರ ಪರಿಶೀಲನೆ ಎತ್ತಿ ತೋರಿತು.

ಇತರ ದೇಶಗಳೂ ಸುಮ್ಮನಿರಲಿಲ್ಲ. 2024ರ ಪ್ಯಾರಿಸ್ಸಿನಲ್ಲಿ ಟ್ರ್ಯಾಕಿನಿಂದ ಬ್ರಿಟನ್ನಿಗೆ ಬಂದದ್ದು ಒಂದೇ ಚಿನ್ನ, ಮಹಿಳೆಯರ ತಂಡ ಸ್ಪ್ರಿಂಟಿನಲ್ಲಿ. ನೆದರ್ಲೆಂಡ್ಸಿನ ಹ್ಯಾರಿ ಲಾವ್ರೇಸನ್ ಆ ಕೂಟದಲ್ಲಿ ಮೂರು ಚಿನ್ನ ಕೊರಳಿಗೇರಿಸಿಕೊಂಡನು. ಕಟ್ಟಿದ್ದನ್ನು ಪ್ರತಿ ಪೀಳಿಗೆಯೂ ಮತ್ತೆ ಕಟ್ಟಿಕೊಳ್ಳಬೇಕೆಂಬುದಕ್ಕೆ ಈ ಮೂರು ದಶಕಗಳ ಇತಿಹಾಸವೇ ಸಾಕ್ಷಿ.