ಓದಿನ ತೊಡಕು ಮತ್ತು ವಿಶ್ವವಿದ್ಯಾಲಯ: ಬ್ರಿಟನ್ನಿನ ಒಂದು ಶತಮಾನ

ಡಿಸ್ಲೆಕ್ಸಿಯಾ ಎಂಬುದು ಬುದ್ಧಿಯ ಕೊರತೆಯಲ್ಲ. ಬುದ್ಧಿ ಚುರುಕಾಗಿದ್ದರೂ ಅಕ್ಷರವನ್ನು ಸದ್ದಿಗೆ, ಸದ್ದನ್ನು ಅಕ್ಷರಕ್ಕೆ ಜೋಡಿಸುವಲ್ಲಿ ಬರುವ ತೊಡಕು. ಡಿಸ್ಪ್ರಾಕ್ಸಿಯಾ ಇರುವವರಿಗೆ ಕೈಕಾಲುಗಳ ಚಲನೆಯನ್ನು ಹೊಂದಿಸಿಕೊಳ್ಳುವುದು ಕಷ್ಟ. ಕೈಬರಹ ಕೆಡುತ್ತದೆ, ಹೊತ್ತಿನ ಅಂದಾಜು ತಪ್ಪುತ್ತದೆ, ಕೆಲಸಗಳ ಕ್ರಮ ಕಲಸಿಹೋಗುತ್ತದೆ. ಇಂಥ ವಿದ್ಯಾರ್ಥಿಗಳಿಗೆ ಇಂದು ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಸಿಗುವ ನೆರವನ್ನು ಆ ಸಂಸ್ಥೆಗಳು ತಾವಾಗಿಯೇ ಕಟ್ಟಲಿಲ್ಲ. ವೈದ್ಯರು ಗುರುತಿಸಿದರು, ಹೆತ್ತವರು ಹೋರಾಡಿದರು, ಸರ್ಕಾರ ಹಣ ಕೊಟ್ಟಿತು. ವಿಶ್ವವಿದ್ಯಾಲಯಗಳು ಎಲ್ಲರಿಗಿಂತ ಕೊನೆಗೆ ಬಂದವು.

ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಜರ್ಮನಿಯ ಸ್ಟುಟ್‌ಗಾರ್ಟ್‌ನ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ 1880ರ ದಶಕದಲ್ಲಿ ಕೊಟ್ಟರು. ಅವರು ನೋಡಿದ್ದು ಮಿದುಳಿಗೆ ಪೆಟ್ಟುಬಿದ್ದು ಓದುವ ಶಕ್ತಿ ಕಳೆದುಕೊಂಡ ವಯಸ್ಕರನ್ನು. ಹುಟ್ಟಿನಿಂದಲೇ ಈ ತೊಡಕು ಇರಬಹುದೆಂದು ಇಂಗ್ಲೆಂಡಿನ ಸೀಫರ್ಡ್ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅವರು ವಿವರಿಸಿದ ಹುಡುಗನಿಗೆ 14 ವರ್ಷ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಅವನೇ ಎಲ್ಲರಿಗಿಂತ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ಪರಿಹಾರದ ಸುಳಿವು ಆ ಮಾತಿನಲ್ಲೇ ಇತ್ತು. ಅದು ಕಾಲೇಜಿನ ತರಗತಿ ಮುಟ್ಟಲು ಹತ್ತಿರ ಹತ್ತಿರ ಒಂದು ಶತಮಾನವೇ ಹಿಡಿಯಿತು.

ತಡಕ್ಕೆ ಒಂದು ಕಾರಣ ಅಪನಂಬಿಕೆ. 1962ರಲ್ಲಿ ಲಂಡನ್ನಿನಲ್ಲಿ ಇಂಥ ಮಕ್ಕಳಿಗಾಗಿ ‘ವರ್ಡ್ ಬ್ಲೈಂಡ್ ಸೆಂಟರ್’ ತೆರೆಯಿತು. ಹತ್ತು ವರ್ಷಗಳ ಬಳಿಕ ಅದು ಮುಚ್ಚಿದರೂ ಅದೇ 1972ರಲ್ಲಿ ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಹುಟ್ಟಿತು. ಆದರೆ ಆ ವರ್ಷವೇ ಸರ್ಕಾರದ ಸಲಹಾ ಸಮಿತಿಯೊಂದು ಡಿಸ್ಲೆಕ್ಸಿಯಾ ಎಂಬ ಹೆಸರನ್ನೇ ಬಳಸುವುದು ಬೇಡವೆಂದಿತು. ಮಕ್ಕಳು ದಡ್ಡರೆಂದು ಒಪ್ಪಲಾಗದ ಉಳ್ಳವರು ಕಂಡುಕೊಂಡ ನೆಪ ಇದು ಎಂಬ ಆಪಾದನೆ ಬಹುಕಾಲ ಉಳಿಯಿತು. ಇದು ಅನ್ಯಾಯದ ಮಾತು. ತಪಾಸಣೆಗೆ ದುಡ್ಡು ಬೇಕಾಗಿದ್ದ ಕಾಲದಲ್ಲಿ ಬಡವರ ಮಕ್ಕಳ ತೊಡಕಿಗೆ ಹೆಸರು ಸಿಗಲಿಲ್ಲ, ಅಷ್ಟೇ; ತೊಡಕೇನೂ ಇರದೆ ಇರಲಿಲ್ಲ. ಡಿಸ್ಲೆಕ್ಸಿಯಾ ಇದೆ ಎಂದು ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಸ್ಪಷ್ಟವಾಗಿ ಒಪ್ಪಿದ್ದು 1987ರಲ್ಲಿ.

ಡಿಸ್ಪ್ರಾಕ್ಸಿಯಾ ಇದರ ನೆರಳಿನಲ್ಲೇ ಬಂತು. 1960ರ ದಶಕದ ವೈದ್ಯರು ಇಂಥವರನ್ನು ‘ಕ್ಲಂಸಿ ಚೈಲ್ಡ್’ ಎಂದು ಕರೆದರು. ನಡೆಯುವಾಗ ಎಡವುವ, ಹಿಡಿದದ್ದನ್ನು ಬೀಳಿಸುವ ಮಗು ಎಂದು. ಹೆಸರಿನಲ್ಲೇ ದೂರು ಇತ್ತು. ಮಕ್ಕಳಿಗಾಗಿ ಹೆತ್ತವರೇ 1987ರಲ್ಲಿ ಡಿಸ್ಪ್ರಾಕ್ಸಿಯಾ ಟ್ರಸ್ಟ್ ಕಟ್ಟಿದರು. ಈ ಮಕ್ಕಳು ಬೆಳೆದು ಕಾಲೇಜಿಗೂ ಬರುತ್ತಾರೆ ಎಂಬ ಅರಿವು ಮೂಡಲು ಇನ್ನೂ ಕಾಲ ಬೇಕಾಯಿತು.

ಉನ್ನತ ಶಿಕ್ಷಣದ ಮಟ್ಟಿಗೆ ಮೊದಲು ನೆನೆಯಬೇಕಾದ ಊರು ವೇಲ್ಸ್‌ನ ಬ್ಯಾಂಗರ್. ಅಲ್ಲಿನ ಮನೋವಿಜ್ಞಾನ ಪ್ರಾಧ್ಯಾಪಕ ಟಿಮ್ ಮೈಲ್ಸ್ ಮತ್ತು ಅವರ ಪತ್ನಿ ಎಲೇನ್ ಶಾಲಾ ಮಕ್ಕಳಿಗೆ ಪಾಠ ಹೇಳುವ ಡಿಸ್ಲೆಕ್ಸಿಯಾ ಘಟಕವನ್ನು ಬೆಳೆಸಿದರು. ಕಾಲೇಜು ಮಟ್ಟದ ಅನುಭವವನ್ನು ಟಿಮ್ ಮೈಲ್ಸ್ ಮತ್ತು ಡೊರೊತಿ ಗಿಲ್‌ರಾಯ್ 1986ರಲ್ಲಿ ‘ಡಿಸ್ಲೆಕ್ಸಿಯಾ ಅಟ್ ಕಾಲೇಜ್’ ಎಂಬ ಪುಸ್ತಕವಾಗಿ ಹೊರತಂದರು. ಹದಿನೆಂಟು ದಾಟಿದವರಿಗೆ ಅಕ್ಷರಾಭ್ಯಾಸ ಬೇಕಿರಲಿಲ್ಲ. ಉಪನ್ಯಾಸ ಕೇಳುತ್ತ ಟಿಪ್ಪಣಿ ಮಾಡಿಕೊಳ್ಳುವುದು ಹೇಗೆ, ಉದ್ದದ ಅಧ್ಯಾಯದಲ್ಲಿ ಬೇಕಾದ್ದನ್ನು ಹುಡುಕುವುದು ಹೇಗೆ, ತಲೆಯಲ್ಲಿರುವುದನ್ನು ಪ್ರಬಂಧವಾಗಿ ಸಾಲುಗೂಡಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ನೆರವು ಶಾಲೆಯದಕ್ಕಿಂತ ಬೇರೆಯೇ ಆಗಬೇಕಿತ್ತು.

ಒಳ್ಳೆಯ ಮನಸ್ಸಿನ ಕೆಲವರಿಂದ ನಡೆದಿದ್ದ ಕೆಲಸ ವ್ಯವಸ್ಥೆಯಾಗಿದ್ದು ಹಣದಿಂದ. ಅಂಗವಿಕಲ ವಿದ್ಯಾರ್ಥಿಗಳ ಭತ್ಯೆ 1974ರಿಂದಲೇ ಇದ್ದರೂ 1990ರಲ್ಲಿ ಅದನ್ನು ಬಹಳ ಹಿಗ್ಗಿಸಿ ಉಪಕರಣ, ಸಹಾಯಕರು, ಇತರ ಖರ್ಚು ಎಂದು ಮೂರು ಬಾಬಿನಲ್ಲಿ ಕೊಡತೊಡಗಿದರು. ಹಣ ಸಿಕ್ಕಿದ್ದೇ ಬೋಧಕರ ಒಂದು ಹೊಸ ವೃತ್ತಿಯೇ ಹುಟ್ಟಿತು. ಈ ಬೋಧಕರು ವಿದ್ಯಾರ್ಥಿಯ ಪ್ರಬಂಧವನ್ನು ತಾವು ಬರೆಯುವುದಿಲ್ಲ, ತಿದ್ದಿಯೂ ಕೊಡುವುದಿಲ್ಲ. ಪ್ರಶ್ನೆಯನ್ನು ಬಿಡಿಸಿ ಓದಿಸುತ್ತಾರೆ, ವಿಚಾರಗಳನ್ನು ಚಿತ್ರವಾಗಿ ಹರಡಿಕೊಳ್ಳಲು ಕಲಿಸುತ್ತಾರೆ, ಡಿಸ್ಪ್ರಾಕ್ಸಿಯಾ ಇದ್ದವರಿಗೆ ವಾರದ ವೇಳಾಪಟ್ಟಿ ಹಾಕಿಕೊಳ್ಳುವುದನ್ನು ರೂಢಿ ಮಾಡಿಸುತ್ತಾರೆ. 1990ರ ದಶಕದ ಕೊನೆಗೆ ಮಾತನ್ನು ಬರಹವಾಗಿಸುವ ಡ್ರ್ಯಾಗನ್, ಬರಹವನ್ನು ಓದಿ ಹೇಳುವ ರೀಡ್ ಆ್ಯಂಡ್ ರೈಟ್ ಮುಂತಾದ ಸಾಫ್ಟ್‌ವೇರ್‌ಗಳೂ ಬಂದವು. ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಪುಟದ ಮೇಲಿಟ್ಟು ಓದುವ ಪದ್ಧತಿಯೂ ಹಬ್ಬಿತು. ಅದಕ್ಕೆ ಮಾತ್ರ ಗಟ್ಟಿಯಾದ ವೈಜ್ಞಾನಿಕ ಆಧಾರ ದೊರೆತಿಲ್ಲ.

ಹಲ್ ವಿಶ್ವವಿದ್ಯಾಲಯದ ಕ್ರಿಸ್ ಸಿಂಗಲ್‌ಟನ್ ನೇತೃತ್ವದ ರಾಷ್ಟ್ರೀಯ ಸಮಿತಿ 1999ರಲ್ಲಿ ಕೊಟ್ಟ ವರದಿ ಈ ಚರಿತ್ರೆಯ ದೊಡ್ಡ ದಾಖಲೆ. ಡಿಸ್ಲೆಕ್ಸಿಯಾ ಇದ್ದ ವಿದ್ಯಾರ್ಥಿಗಳಲ್ಲಿ ನೂರಕ್ಕೆ 43ರಷ್ಟು ಮಂದಿಯ ತೊಡಕು ಬೆಳಕಿಗೆ ಬಂದದ್ದು ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆಯೇ ಎಂದು ಅದು ತೋರಿಸಿತು. ಶಾಲೆಯ ಅಷ್ಟೂ ವರ್ಷ ಸೋಮಾರಿಗಳೆಂದೋ ಅಲಕ್ಷ್ಯದವರೆಂದೋ ಬೈಸಿಕೊಂಡು, ತಮ್ಮ ಕಷ್ಟಕ್ಕೆ ಹೆಸರೇ ತಿಳಿಯದೆ ಅಷ್ಟು ದೂರ ಬಂದವರು ಇವರಲ್ಲಿ ಎಷ್ಟೋ ಮಂದಿ. 2001ರ ಕಾನೂನು ತಾರತಮ್ಯ ನಿಷೇಧವನ್ನು ವಿಶ್ವವಿದ್ಯಾಲಯಗಳಿಗೂ ಹಬ್ಬಿಸಿತು. 2010ರ ಸಮಾನತಾ ಕಾಯ್ದೆ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಬಳಿಕ ಸರ್ಕಾರದ ಕೈ ಬಿಗಿಯಾಯಿತು. ಇಂಗ್ಲೆಂಡಿನಲ್ಲಿ 2015ರಿಂದ ಕಂಪ್ಯೂಟರ್ ಬೆಲೆಯಲ್ಲಿ 200 ಪೌಂಡ್ ವಿದ್ಯಾರ್ಥಿಯೇ ಕೊಡಬೇಕಾಯಿತು. ತೊಡಕು ಇದೆಯೆಂದು ತೋರಿಸುವ ತಪಾಸಣೆಯ ಖರ್ಚು ಭತ್ಯೆಯಲ್ಲಿ ಸೇರಲೇ ಇಲ್ಲ. ನೆರವಿನ ಬಾಗಿಲಲ್ಲೇ ಬಡವರನ್ನು ತಡೆಯುವ ನಿಯಮವಿದು.

ಭಾರತದಲ್ಲಿ 1995ರ ಅಂಗವಿಕಲರ ಕಾಯ್ದೆ ಈ ತೊಡಕುಗಳನ್ನು ಎಣಿಸಿರಲಿಲ್ಲ. 2016ರ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಪಟ್ಟಿಗೆ ಸೇರಿಸಿ ಡಿಸ್ಲೆಕ್ಸಿಯಾ, ಡಿಸ್ಪ್ರಾಕ್ಸಿಯಾ ಎರಡನ್ನೂ ಹೆಸರಿಸಿತು. 2018ರ ಮಾರ್ಗಸೂಚಿಯಲ್ಲಿ ಪ್ರಮಾಣಪತ್ರದ ತಪಾಸಣೆಗೆ ಗೊತ್ತುಮಾಡಿದ್ದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲೆಯನ್ನು. ಇಲ್ಲಿ ಸಿಗುವ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಸೀಟಿನ ಮೀಸಲಾತಿ ಇವೆಲ್ಲ ಬೇಕಾದವೇ, ಆದರೆ ಅವು ಪರೀಕ್ಷೆಯ ದಿನಕ್ಕೋ ಪ್ರವೇಶದ ದಿನಕ್ಕೋ ಸೇರಿದವು. ಕರ್ನಾಟಕದ ವಿಶ್ವವಿದ್ಯಾಲಯಗಳು ಬ್ರಿಟನ್ನಿನಿಂದ ಒಂದನ್ನೇ ತೆಗೆದುಕೊಳ್ಳುವುದಾದರೆ, ವಾರಕ್ಕೊಮ್ಮೆ ವಿದ್ಯಾರ್ಥಿಯ ಪಕ್ಕದಲ್ಲಿ ಕೂತು ಓದುವ ಕ್ರಮ ಕಲಿಸುವ ಆ ಬೋಧಕರನ್ನು ನೇಮಿಸಲಿ.