ರೈಫಲ್ ಮೇಲಿನ ಇಸವಿ ಏನು ಹೇಳುತ್ತದೆ?

ಎನ್‌ಸಿಸಿಯಲ್ಲಿ ನಮ್ಮ ಹುಡುಗರು ಹಿಡಿದ .22 ರೈಫಲ್‌ನ ಚರಿತ್ರೆ ಅದರ ಮೈಮೇಲೇ ಇದೆ. ಬಲಗಡೆ, ಬೋಲ್ಟ್ ಹಿಡಿಯ ಕೆಳಗೆ ನೋಡಿ. ಕಿರೀಟದ ಜೊತೆ ‘ಜಿ.ಆರ್.’ ಇದ್ದರೆ ಜಾರ್ಜ್ ದೊರೆಯ ಕಾಲದ್ದು. ಕಾರ್ಖಾನೆಯ ಹೆಸರೂ ಅಲ್ಲೇ: ಇಂಗ್ಲೆಂಡಿನ ಎನ್‌ಫೀಲ್ಡ್, ಬಿಎಸ್‌ಎ ಅಥವಾ ಬಂಗಾಳದ ಇಶಾಪುರ. ಜೊತೆಗೆ ಇಸವಿ.

ಆದರೆ ಇಸವಿಯೊಂದನ್ನೇ ನಂಬುವಂತಿಲ್ಲ. ಇವುಗಳಲ್ಲಿ ಹಲವು ಮೊದಲು ಸೈನ್ಯದ .303 ರೈಫಲ್‌ಗಳು. ತರಬೇತಿಯಲ್ಲಿ ಗುಂಡಿನ ಖರ್ಚು ಉಳಿಸಲು ಅವನ್ನೇ .22ಕ್ಕೆ ಮಾರ್ಪಡಿಸಿದರು. ‘1917’ ಎಂದಿದ್ದರೆ ಅದು ರೈಫಲ್ ಹುಟ್ಟಿದ ವರ್ಷ; .22 ಆಗಿದ್ದು ನಂತರವೂ ಇರಬಹುದು.

ಬೋಲ್ಟಿನ ನಂಬರೂ ಮೈಮೇಲಿನ ನಂಬರೂ ಒಂದೇ ಆಗಿದ್ದರೆ ಬೆಲೆ ಹೆಚ್ಚು. ಉಜ್ಜಿ ಹೊಳಪು ಕೊಟ್ಟರೆ ಬೆಲೆ ಇಳಿಯುತ್ತದೆ. ನಂಬರ್ ಅಳಿಸಿದರಂತೂ 1959ರ ಆಯುಧ ಕಾಯ್ದೆಯಡಿ ಅಪರಾಧ. ಅಜ್ಜನ ಬಂದೂಕು ಮನೆಯಲ್ಲಿದ್ದರೆ ಉಜ್ಜಬೇಡಿ. ಮೊದಲು ಲೈಸೆನ್ಸ್ ನೋಡಿ ಎನ್ನುತ್ತೇವೆ ನಾವು.